ಬೋರ್ಡಿನ ಮೇಲೆ ಕೆಳಗಿಳಿದ ಅಕ್ಷರ

ಮೊದಲು ಗುರುತಿಸಿದ್ದು ನಾನಲ್ಲ, ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿನ ಒಬ್ಬ ಹುಡುಗ.

"ಟೀಚರ್, ನಿಮ್ಮ ಅಕ್ಷರ ದಿನಾ ಒಂದೀಟು ಕೆಳಗ ಇಳೀಲಕತ್ತಾವ್ರಿ. ಹಿಂದ ಕುಂತೋರಿಗಿ ಕಾಣವಲ್ವು."

2022ರ ಡಿಸೆಂಬರ್ ಅದು. ಬಹುಪದೋಕ್ತಿ ಪಾಠ ನಡೆದಿತ್ತು. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ತಿರುಗಿ ನೋಡಿದರೆ ಬೋರ್ಡಿನ ಮೇಲರ್ಧ ಖಾಲಿ. ಮೂಲೆಯಲ್ಲಿ ತಾರೀಖು, ಹಾಜರಿ ಅಷ್ಟೇ ಇತ್ತು, ಅದನ್ನು ಬರೆದವಳು ಕ್ಲಾಸ್ ಲೀಡರ್. ನಾನು ಬಿಡಿಸಿದ ಲೆಕ್ಕವೆಲ್ಲ ನನ್ನ ಎದೆಮಟ್ಟದಿಂದ ಕೆಳಗೆ, ಇಕ್ಕಟ್ಟಾಗಿ ಕೂತಿತ್ತು. ಕೊನೆ ಸಾಲಿಗೆ ಸೊಂಟ ಬಗ್ಗಿಸಿ ಬರೆದಿದ್ದೆ. ಎರಡು ತಿಂಗಳಿಂದ ಬಲಭುಜ ನೋಯುತ್ತಿತ್ತು, ಅದು ಗೊತ್ತಿತ್ತು. ಕೈ ಮೇಲೇಳುವುದನ್ನೇ ಬಿಟ್ಟಿದೆ ಅನ್ನುವುದು ಗೊತ್ತಿರಲಿಲ್ಲ.

ಆಗ ನಾನು ಯೋಗ ಶುರು ಮಾಡಿ ಹನ್ನೊಂದು ವರ್ಷ ಆಗಿತ್ತು. ಕಲಬುರಗಿಯ ನಮ್ಮ ಕಾಲೊನಿಯಲ್ಲಿ, ನಮ್ಮ ಮನೆಯ ಮಾಳಿಗೆ ಮೇಲೆ, ದಿನಾ ಬೆಳಿಗ್ಗೆ ಹದಿನೈದಿಪ್ಪತ್ತು ಜನರಿಗೆ ನಾನೇ ಮಾಡಿಸುತ್ತಿದ್ದೆ. "ಮೈ ಏನು ಹೇಳ್ತದ ಕೇಳಿಸ್ಕೊಳ್ರಿ" ಅನ್ನುವುದು ನನ್ನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು!

ಇದು ಹೇಗಾಯಿತು ಅಂತ ಹೇಳಬೇಕಾದರೆ ಅದಕ್ಕೂ ಹಿಂದಿನ ಒಂದು ಪೆಟ್ಟಿನಿಂದ ಶುರು ಮಾಡಬೇಕು.

ವಿಶ್ವಸಂಸ್ಥೆ 2014ರ ಡಿಸೆಂಬರಿನಲ್ಲಿ ಜೂನ್ 21ನ್ನು ಯೋಗ ದಿನ ಅಂತ ಘೋಷಿಸಿತಲ್ಲ, ಅಲ್ಲಿಂದ ನಮ್ಮ ಶಾಲೆಗಳಲ್ಲಿ ಅದೊಂದು ಸಣ್ಣ ಹಬ್ಬ. 2016ರಲ್ಲಿ ನನ್ನನ್ನು ಸ್ಟೇಜ್ ಮೇಲೆ ಕೂರಿಸಿದರು. ಪಟ್ಟಿಯಲ್ಲಿ ಇದ್ದದ್ದು ತಾಡಾಸನ, ವೃಕ್ಷಾಸನ, ಭುಜಂಗಾಸನ, ಇಂಥ ಸರಳ ಆಸನಗಳು. ಅವೆಲ್ಲ ಮುಗಿದ ಮೇಲೆ ಭಾಷಣ. ಭಾಷಣ ಮುಗಿದ ಮೇಲೆ ಮಕ್ಕಳು "ಇನ್ನೊಂದ್ ಮಾಡ್ರಿ ಟೀಚರ್" ಅಂತ ಕೂಗಿದರು. ನಾನು ಹನುಮಾನಾಸನಕ್ಕೆ ಇಳಿದೆ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ನೆಲಕ್ಕೆ ಪೂರ್ತಿ ಕೂರುವುದು. ಮನೆಯಲ್ಲಿ ಅದನ್ನು ಅರ್ಧ ಗಂಟೆ ಮೈ ಬಿಸಿ ಮಾಡಿಕೊಂಡು, ತೊಡೆ ಕೆಳಗೆ ದಿಂಬಿಟ್ಟುಕೊಂಡು ಮಾಡುತ್ತಿದ್ದೆ. ಇಲ್ಲಿ ದಿಂಬಿಲ್ಲ. ಭಾಷಣ ಕೇಳುತ್ತ ಕೂತು ಮೈಯೂ ತಣ್ಣಗಾಗಿತ್ತು.

ಎಡಗಾಲಿನ ಹಿಂದೆ, ಕುಂಡಿಯ ಬುಡದಲ್ಲಿ, ಹಳೇ ಸೀರೆ ಹರಿದ ಹಾಗಾಯಿತು. ಸದ್ದು ಕಿವಿಗೆ ಕೇಳಿದ್ದಲ್ಲ, ಮೈಯೊಳಗೆ ಕೇಳಿದ್ದು. ನಗುತ್ತಲೇ ಎದ್ದೆ. ಚಪ್ಪಾಳೆ ಬಿತ್ತು.

ಹರಿಯುವ ಮೊದಲು ಏನೇನಾಯಿತು ಅನ್ನುವುದು ಈಗಲೂ ಸ್ಪಷ್ಟವಾಗಿ ನೆನಪಿದೆ. ತೊಡೆ ಹಿಂದೆ ಸಣ್ಣಗೆ ಉರಿ ಬಂತು. ಉಸಿರು ಕಟ್ಟಿತು. ಹಲ್ಲು ಕಚ್ಚಿಕೊಂಡೆ. ಮೂರೂ ನನಗೆ ಗೊತ್ತಾಗುತ್ತಲೇ ಇತ್ತು. ಮುಂದಿನ ಸಾಲಿನಲ್ಲಿ ಫೋಟೋ ತೆಗೆಯಲು ನಿಂತವರೂ ಕಾಣುತ್ತಿದ್ದರು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಬಿಗಿಯಾಗಿದೆ, ಎಳೆದರೆ ಬಿಡುತ್ತದೆ ಅಂದುಕೊಂಡು ದಿನಾ ಪಶ್ಚಿಮೋತ್ತಾನಾಸನ ಹಾಕಿದೆ, ಕಾಲು ಚಾಚಿ ಕೂತು ಮುಂದೆ ಬಗ್ಗುವುದು. ಮೂರು ತಿಂಗಳು ಬಿಡದೆ ಹಾಕಿದೆ. ಎಳೆಯುವಾಗ ಹಿತ ಅನ್ನಿಸುತ್ತಿತ್ತು, ಅದೇ ಮೋಸ. ಸಂಜೆ ಹೊತ್ತಿಗೆ ಸ್ಟಾಫ್ ರೂಮಿನ ಕಟ್ಟಿಗೆ ಕುರ್ಚಿ ಮೇಲೆ ಒಂದೇ ಮಗ್ಗುಲಲ್ಲಿ ಕೂರುವ ಸ್ಥಿತಿ. ಸ್ಕೂಟಿ ಮೇಲೆ ಹೋಗುವಾಗ ರೋಡ್ ಹಂಪ್ ಬಂದರೆ ಸೀಟಿನಿಂದ ಎದ್ದು ನಿಲ್ಲುತ್ತಿದ್ದೆ.

ಕಡೆಗೆ ಮೂಳೆ ಡಾಕ್ಟರು ಬಿಡಿಸಿ ಹೇಳಿದರು. ತೊಡೆಯ ಹಿಂದಿನ ಸ್ನಾಯುಗಳು ಮೇಲೆ ಹೋಗಿ, ನಾವು ಕೂರುವ ಎಲುಬಿಗೆ ಹಗ್ಗದ ಹಾಗೆ ಅಂಟಿಕೊಂಡಿರುತ್ತವೆ. ಪೆಟ್ಟಾದದ್ದು ಆ ಅಂಟಿನ ಜಾಗಕ್ಕೆ. ಕಾಲು ನೆಟ್ಟಗಿಟ್ಟು ಮುಂದೆ ಬಗ್ಗಿದಾಗಲೆಲ್ಲ ಅದೇ ಜಾಗ ಎಲುಬಿಗೆ ಒತ್ತಿ ಎಳೆಯುತ್ತದೆ. ಅಂದರೆ ನಾನು ದಿನಾ ಬೆಳಿಗ್ಗೆ ಎದ್ದು, ದೇವರಿಗೆ ಕೈಮುಗಿದು, ಗಾಯ ಕೆದರುತ್ತಿದ್ದೆ. ಎಳೆಯುವುದು ನಿಲ್ಲಿಸಿ, ಸ್ನಾಯುವಿಗೆ ಬಲ ಕೊಡಿ ಅಂದರು. ಮಂಡಿ ಮಡಚಿ ಬಗ್ಗಿದೆ. ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧಾಸನದಲ್ಲಿ ಮೂವತ್ತು ಸೆಕೆಂಡು, ಆಮೇಲೆ ನಲವತ್ತು, ಆಮೇಲೆ ಒಂದೊಂದೇ ಕಾಲಿನ ಮೇಲೆ. ಎಂಟು ತಿಂಗಳು ಬೇಕಾಯಿತು.

ವಾಸಿಯಾದ ಮೇಲೆ ನನಗೊಂದು ಸೂತ್ರ ಸಿಕ್ಕಿತು. ಗಣಿತದವಳು ನೋಡಿ, ಸೂತ್ರ ಸಿಕ್ಕರೆ ಬಿಡುವವಳಲ್ಲ. "ನೋವಾಯ್ತಾ, ಬಿಟ್ಟುಬಿಡು." ಐದಾರು ವರ್ಷ ಎಲ್ಲರಿಗೂ ಇದನ್ನೇ ಕಲಿಸಿದೆ. ಯಾರಿಗಾದರೂ ಎಲ್ಲಾದರೂ ಚುರುಕ್ ಅಂದರೆ ಸಾಕು, "ಇಳೀರಿ, ಶವಾಸನ ಮಾಡ್ರಿ" ಅನ್ನುತ್ತಿದ್ದೆ. ಒಬ್ಬಳೇ ಒಬ್ಬಳಿಗೂ ಪೆಟ್ಟಾಗಲಿಲ್ಲ, ನಿಜ. ಹಾಗಾಗಿ ಸೂತ್ರ ಸರಿ ಅಂತ ನನಗೂ ಗಟ್ಟಿಯಾಯಿತು.

2022ರ ಅಕ್ಟೋಬರಿನಲ್ಲಿ ಭುಜ ನೋಯಲು ಶುರುವಾದಾಗ ಆ ಸೂತ್ರವನ್ನೇ ಹಾಕಿದೆ.

ಪೆಟ್ಟೇನೂ ಬಿದ್ದಿರಲಿಲ್ಲ. ಒಂದು ರಾತ್ರಿ ಬಲಮಗ್ಗುಲಿಗೆ ಹೊರಳಿದಾಗ ರಟ್ಟೆಯ ಮೇಲ್ಭಾಗದಲ್ಲಿ ಹಲ್ಲುನೋವಿನಂಥ ನೋವು. ಸರಿ, ಕೈಗೆ ವಿಶ್ರಾಂತಿ ಕೊಟ್ಟೆ. ಸೂರ್ಯನಮಸ್ಕಾರ ಬಿಟ್ಟೆ. ಕೈಕಾಲು ಊರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನ ಬಿಟ್ಟೆ. ಕೈ ಎತ್ತುವುದೆಲ್ಲ ಬಿಟ್ಟೆ. ಸೆರಗಿನಲ್ಲಿ ಕೈ ಸುತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದೆ. ಎರಡು ತಿಂಗಳಲ್ಲಿ ಜಡೆ ಹಾಕಿಕೊಳ್ಳಲು ಆಗಲಿಲ್ಲ, ಮಗಳು ಹಾಕುತ್ತಿದ್ದಳು. ಕುಬುಸದ ಹುಕ್ ಹಿಂದಿದ್ದರೆ ಆಗುತ್ತಿರಲಿಲ್ಲ, ಮುಂದಿನ ಹುಕ್‌ನವನ್ನೇ ಹಾಕುತ್ತಿದ್ದೆ. ಡಬ್ಬಿಗಳೆಲ್ಲ ಮೇಲಿನ ಫಳಿಯಿಂದ ಕೆಳಗಿನ ಕಟ್ಟೆಗೆ ಇಳಿದವು. ಒಂದೊಂದಕ್ಕೂ ಒಂದೊಂದು ದಾರಿ ಹುಡುಕಿಕೊಂಡಿದ್ದೆ. ದಾರಿ ಎಷ್ಟು ಚೆನ್ನಾಗಿ ಹುಡುಕಿಕೊಂಡಿದ್ದೆ ಅಂದರೆ, ಕೈ ಹೋಗಿದೆ ಅಂತ ನನಗೇ ತಿಳಿಯಲಿಲ್ಲ. ಹುಡುಗನೊಬ್ಬ ಬೋರ್ಡ್ ನೋಡಿ ಹೇಳಬೇಕಾಯಿತು.

ಆಮೇಲೆ ಗಾಬರಿ. ಗಾಬರಿಯಲ್ಲಿ ಸೂತ್ರ ಉಲ್ಟಾ ಹೊಡೆದೆ. ಕೈಕಾಲು ಜಗ್ಗಿ ಸರಿ ಮಾಡುವವರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂತ ಸಂಬಂಧಿಕರೊಬ್ಬರು ಅಂದರು, ಹೋದೆ. ಬಿಸಿ ಎಣ್ಣೆ ಹಚ್ಚಿ ಒಂದೇ ಸಲ ಕೈ ಮೇಲೆತ್ತಿದರು. ನಾಲ್ಕು ರಾತ್ರಿ ನಿದ್ದೆ ಇಲ್ಲ. ಅದರ ಬಗ್ಗೆ ಇಷ್ಟು ಸಾಕು.

ಜನವರಿ ಮೊದಲ ವಾರ ಡಾಕ್ಟರ ಹತ್ತಿರ ಹೋದೆ. ಎಕ್ಸರೇ ಸರಿಯಾಗಿಯೇ ಇತ್ತು. ಅವರು ನನ್ನ ಮೊಣಕೈಯನ್ನು ಪಕ್ಕೆಗೆ ಹಚ್ಚಿ ಹಿಡಿದು, ಮುಂಗೈಯನ್ನು ಹೊರಗೆ ತಿರುಗಿಸಲು ನೋಡಿದರು. ಬಾಗಿಲಿನ ಚಿಲಕ ತುಕ್ಕು ಹಿಡಿದ ಹಾಗೆ, ಸ್ವಲ್ಪ ಹೋಗಿ ನಿಂತುಬಿಟ್ಟಿತು. ನಾನು ತಿರುಗಿಸಿದರೂ ಅಷ್ಟೇ, ಅವರು ತಿರುಗಿಸಿದರೂ ಅಷ್ಟೇ. "ಫ್ರೋಜನ್ ಶೋಲ್ಡರ್" ಅಂದರು. ಭುಜದ ಕೀಲಿನ ಸುತ್ತ ಒಂದು ತೆಳುವಾದ ಚೀಲ ಇರುತ್ತದೆ. ಅದು ಊದಿ, ದಪ್ಪಗಾಗಿ, ಸುಕ್ಕುಗಟ್ಟುತ್ತದೆ. ಮೊದಲು ನೋವಿನ ಕಾಲ, ಆಮೇಲೆ ಬಿಗಿತದ ಕಾಲ, ಆಮೇಲೆ ನಿಧಾನಕ್ಕೆ ಬಿಡುವ ಕಾಲ. ಎಲ್ಲ ಸೇರಿ ಒಂದರಿಂದ ಮೂರು ವರ್ಷ.

"ಸಕ್ಕರೆ ಚೆಕ್ ಮಾಡ್ಸೀರೇನ್ರಿ ಮೇಡಂ?" ಅಂದರು. ನಾನ್ಯಾಕೆ ಮಾಡಿಸಲಿ, ಯೋಗದವಳು! ಮಾಡಿಸಿದರೆ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ, 7.9 ಬಂತು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ನಲವತ್ತರಿಂದ ಅರವತ್ತರ ನಡುವಿನ ಹೆಂಗಸರಲ್ಲಿ ಈ ಭುಜ ಬಿಗಿತ ಜಾಸ್ತಿ, ಸಕ್ಕರೆ ಇದ್ದವರಲ್ಲಿ ಇನ್ನೂ ಜಾಸ್ತಿ, ಥೈರಾಯ್ಡ್ ತೊಂದರೆ ಇದ್ದವರಲ್ಲೂ ಬರುತ್ತದೆ ಅಂದರು. ಭುಜ ಹಿಡಿಯದೆ ಇದ್ದಿದ್ದರೆ ಸಕ್ಕರೆ ಇನ್ನೆಷ್ಟು ವರ್ಷ ಒಳಗೇ ಇರುತ್ತಿತ್ತೋ. ಪೆಟ್ಟೇನೂ ಆಗದೆ ಭುಜ ಹಿಡಿದುಕೊಂಡವರಿದ್ದರೆ, ಎಣ್ಣೆ ಆಮೇಲೆ ಹಚ್ಚಿ, ಮೊದಲು ಸಕ್ಕರೆ ನೋಡಿಸಿ.

ನಾನು ಕೇಳಿದೆ, ಎರಡು ತಿಂಗಳು ಕೈ ಆಡಿಸದೆ ಇದ್ದದ್ದಕ್ಕೆ ಹೀಗಾಯಿತಾ ಅಂತ. ಹೇಗಿದ್ದರೂ ಬಿಗಿಯಾಗುತ್ತಿತ್ತು, ನೀವು ಅದಕ್ಕೆ ಸಹಾಯ ಮಾಡಿದಿರಿ ಅಂದರು. ಒಳ್ಳೇ ಮನುಷ್ಯ, ನಗುತ್ತಲೇ ಹೇಳಿದರು.

ಮಾಳಿಗೆ ಮೇಲಿನ ಕ್ಲಾಸಿನವರಿಗೆ ನಾನು ಹೇಳಿರಲಿಲ್ಲ. ಆಸನ ತೋರಿಸುವ ಕೆಲಸವನ್ನು ಚುರುಕಾದ ಒಬ್ಬ ಹುಡುಗಿಗೆ ವಹಿಸಿ, ನಾನು ಬಾಯಲ್ಲಿ ಹೇಳುತ್ತ ಓಡಾಡುತ್ತಿದ್ದೆ. ನಾಚಿಕೆ. ಯೋಗ ಹೇಳಿಕೊಡುವವಳಿಗೇ ಭುಜ ಹಿಡಿದಿದೆ ಅಂದರೆ ಜನ ಏನಂದಾರು ಅಂತ. ಯೋಗಸೂತ್ರ ಬರೆದ ಪತಂಜಲಿ ಯೋಗಕ್ಕೆ ಒಂಬತ್ತು ಅಡ್ಡಿಗಳನ್ನು ಎಣಿಸುತ್ತಾನೆ, ಅದರಲ್ಲಿ ಮೊದಲನೆಯದೇ ವ್ಯಾಧಿ. ಅಂದರೆ ಯೋಗ ಮಾಡುವವರಿಗೂ ಕಾಯಿಲೆ ಬರುತ್ತದೆ ಅಂತ ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರಿಗೆ 1979ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಸ್ಕೂಟರ್ ಅಪಘಾತವಾಗಿ ಬೆನ್ನು, ಭುಜ, ಮಂಡಿಗೆ ಪೆಟ್ಟಾಗಿತ್ತು. ಅಷ್ಟು ದೊಡ್ಡವರು ಆಸನಗಳನ್ನು ಮತ್ತೆ ಮೊದಲಿನಿಂದ ಹಿಡಿದು ಮಾಡಿದರು. ಇದನ್ನು ನಾನು ಕ್ಲಾಸಿನಲ್ಲಿ ಎಷ್ಟೋ ಸಲ ಕತೆ ಮಾಡಿ ಹೇಳಿದ್ದೆ. ನನ್ನ ಭುಜಕ್ಕೆ ಬಂದಾಗ ಮಾತ್ರ ದುಪಟ್ಟಾ ಹೊದ್ದು ಮುಚ್ಚಿಟ್ಟೆ.

ಹೊರಗೆ ಬಂದದ್ದು ಅಪ್ಪನ ಜಾತ್ರೆಯಲ್ಲಿ. ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಯಲ್ಲಿ ರಥಕ್ಕೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತೇವಲ್ಲ. ನಾನು ಎಡಗೈಯಲ್ಲಿ ಎಸೆದೆ. ಉತ್ತತ್ತಿ ರಥದ ಹತ್ತಿರವೂ ಹೋಗಲಿಲ್ಲ, ಮೂರು ಸಾಲು ಮುಂದೆ ನಿಂತಿದ್ದ ಯಜಮಾನರ ಟೋಪಿಗೆ ಬಡಿಯಿತು. ಅವರು ತಿರುಗಿದರು. ನಮ್ಮ ಕ್ಲಾಸಿಗೆ ಹೆಂಡತಿಯನ್ನು ಬಿಟ್ಟುಹೋಗಲು ಬಂದು, ತಾವೂ ಹಿಂದೆ ನಿಂತು ಕೈಕಾಲಾಡಿಸಿ ಹೋಗುವ ಕಾಕಾ! ಸಾರಿಗೆ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು.

"ಯಾಕ್ರಿ ಟೀಚರ್, ಬಲಗೈಗಿ ಏನಾಗ್ಯಾದ?"

ಅಷ್ಟು ಜನರ ನಡುವೆ ಎಲ್ಲ ಹೇಳಿಕೊಂಡೆ. ಕಾಲಿನ ಕತೆ, ಕೈ ಕತೆ, ಎಳೆದು ಕೆಟ್ಟದ್ದು, ಬಿಟ್ಟು ಕೆಟ್ಟದ್ದು. ಅವರು ಟೋಪಿ ಕೊಡವುತ್ತ ಕೇಳಿಸಿಕೊಂಡು ಅಂದರು:

"ನಾ ಮೂವತ್ತೊರ್ಷ ಗಾಡಿ ಹೊಡ್ದೀನ್ರಿ. ಹಳೀ ಗಾಡಿದಾಗ ಗೇರ್ ಬೀಳ್ತಿದ್ದಿಲ್ಲ. ಹೊಸಾ ಹುಡುಗೋರು ಜಗ್ಗತಿದ್ರು, ಗೇರ್ ಹಲ್ಲು ಮುರೀತಿದ್ವು. ಹಂಗಂತ ಕೈ ತೆಗದು ಕುಂತ್ರ ಗಾಡಿ ದಿನ್ನಿ ಏರ್ತದೇನ್ರಿ? ನ್ಯೂಟ್ರಲ್‌ಗಿ ತಂದು, ಕ್ಲಚ್ ಬಿಟ್ಟು ಹಿಡದು, ಮತ್ತ ಮೆತ್ತಗ ಹಾಕ್ಬೇಕು. ಬೀಳ್ಲಿಲ್ಲ ಅಂದ್ರ ಮತ್ತ ನ್ಯೂಟ್ರಲ್. ಕೈ ಗೇರ್ ಮ್ಯಾಲೇ ಇರ್ಬೇಕು."

ಮರುದಿನ ಅಪ್ಪನ ಕೆರೆ ದಂಡೆಯಲ್ಲಿ ನಮ್ಮ ಗುರುಗಳು ಸಿಕ್ಕರು. ನಿವೃತ್ತ ಮಾಸ್ತರರು, 2011ರಲ್ಲಿ ನನಗೆ ಯೋಗ ಹಚ್ಚಿದವರು. ಅವರಿಗೂ ಹೇಳಿದೆ. ಅವರು ಸಂಸ್ಕೃತದಲ್ಲಿ ಹೇಳಿದ್ದೂ ಅದನ್ನೇ. "ಸ್ಥಿರಸುಖಮಾಸನಂ ಅಂತಾನ ಪತಂಜಲಿ. ಎರಡು ಅವ ನೋಡು ತಂಗಿ. ಸ್ಟೇಜಿನ ಮ್ಯಾಲ ನೀ ಸುಖ ಬಿಟ್ಟಿ. ಈಗ ಸ್ಥಿರ ಬಿಟ್ಟಿ." ನನಗೆ ಡ್ರೈವರ್ ಕಾಕಾ ಹೇಳಿದ್ದು ಬೇಗ ತಲೆಗೆ ಹೋಯಿತು.

ಇಷ್ಟರಲ್ಲಿ ಡಾಕ್ಟರು ಕೀಲಿಗೆ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಅದು ಸ್ಟಿರಾಯ್ಡ್, ಕೆಲವು ದಿನ ಸಕ್ಕರೆ ಏರಿಸುತ್ತದೆ ಅಂತ ಮೊದಲೇ ಹೇಳಿ, ಮಾತ್ರೆ ಹೊಂದಿಸಿಯೇ ಕೊಟ್ಟರು. ರಾತ್ರಿಯ ನೋವು ಇಳಿಯಿತು. ಯೋಗದಿಂದಲೇ ಎಲ್ಲ ಆಯಿತು ಅಂತ ನಾನು ಹೇಳಲಾರೆ. ನಿದ್ದೆ ಬಾರದ ಮೈಗೆ ಯಾವ ಆಸನ?

ಫಿಸಿಯೋಥೆರಪಿ ಹುಡುಗಿ ಕೊಟ್ಟ ಒಂದು ಅಳತೆ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. "ಮಾಡುವಾಗ ಒಂದೀಟು ಎಳದಂಗಾದ್ರ ಇರ್ಲಿ ಮೇಡಂ. ಬಿಟ್ಟ ಮ್ಯಾಲ ಆ ನೋವು ಎಷ್ಟೊತ್ತು ಇರ್ತದ ನೋಡ್ರಿ. ರಾತ್ರಿ ನಿದ್ದಿ ಕೆಟ್ಟಿತ್ತಂದ್ರ ಹಗಲಿ ಜಾಸ್ತಿ ಮಾಡೀರಿ ಅಂತನೇ ಅರ್ಥ." ನಾನು ಅಲ್ಲಿಯವರೆಗೆ ನೋವು ಇದೆಯೋ ಇಲ್ಲವೋ ಅಂತ ಮಾತ್ರ ನೋಡುತ್ತಿದ್ದೆ. ಅದು ಯಾವಾಗ ಬರುತ್ತದೆ, ಎಲ್ಲಿ ಬರುತ್ತದೆ, ಬಂದು ಎಷ್ಟು ಹೊತ್ತು ಕೂರುತ್ತದೆ ಅಂತ ನೋಡಿರಲಿಲ್ಲ. ಹಳೇ ಹೋಮ್‌ವರ್ಕ್ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ದಿನಾ ಎರಡು ಸಾಲು ಬರೆಯಲು ಶುರು ಮಾಡಿದೆ. ಬೆಳಿಗ್ಗೆ ಏನು ಮಾಡಿದೆ, ರಾತ್ರಿ ಹೇಗಿತ್ತು. ಅಷ್ಟೇ.

ಮಾಡಿದ್ದು ಬಹಳ ಸಣ್ಣ ಸಣ್ಣ ಕೆಲಸ. ಎಡಗೈಯನ್ನು ಅಡುಗೆಮನೆ ಕಟ್ಟೆಗೆ ಊರಿ, ಮುಂದೆ ಬಗ್ಗಿ, ಬಲಗೈಯನ್ನು ಗಂಟೆಯ ನಾಲಿಗೆ ಹಾಗೆ ಜೋತು ಬಿಡುವುದು. ಮೊದಲು ಬರಿಗೈ, ಮೂರು ವಾರದ ಮೇಲೆ ಅರ್ಧ ಕಿಲೋ ತೊಗರಿಬೇಳೆ ಪಾಕೀಟು ಹಿಡಿದು. ಗೋಡೆಗೆ ಎದುರು ನಿಂತು ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲೆ ಹತ್ತಿಸುವುದು. ನೆಲದ ಮೇಲೆ ಮಲಗಿ, ಮೊಣಕೈ ಮಡಚಿ, ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಎಡಗೈಯಿಂದ ಬಲಗೈಯನ್ನು ಹೊರಗೆ ತಳ್ಳುವುದು. ಸೂರ್ಯನಮಸ್ಕಾರದ ಬದಲು ಕಿಟಕಿಯ ಅಡ್ಡಪಟ್ಟಿಗೆ ಕೈಯಿಟ್ಟು ಸೊಂಟದಿಂದ ಹಿಂದೆ ಸರಿಯುವುದು. ಶವಾಸನದಲ್ಲಿ ಬಲಗೈ ನೆಲಕ್ಕೆ ಮುಟ್ಟುತ್ತಿರಲಿಲ್ಲ, ಗಾಳಿಯಲ್ಲಿ ನಿಂತು ಭುಜವನ್ನು ಎಳೆಯುತ್ತಿತ್ತು. ಅತ್ತೆ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಮೊಣಕೈ ಕೆಳಗಿಟ್ಟೆ. ಕೈಗೆ ನೆಲ ಸಿಕ್ಕ ತಕ್ಷಣ ಭುಜ ತಾನೇ ಇಳಿಯಿತು. ರಾತ್ರಿ ಎಡಮಗ್ಗುಲಲ್ಲಿ ಮಲಗಿ ಅದೇ ಕೌದಿಯನ್ನು ತಬ್ಬಿಕೊಳ್ಳುತ್ತಿದ್ದೆ. ಯೋಗಕ್ಕೆ ಅಂತ ಅಂಗಡಿಯಲ್ಲಿ ಮಾರುವ ದುಬಾರಿ ದಿಂಬು, ಬೋಲ್‌ಸ್ಟರ್, ಇದರ ಮುಂದೆ ಏನೂ ಅಲ್ಲ.

ಭಾನುವಾರ ಅಳತೆಯ ದಿನ. ಶಾಲೆಯಿಂದ ಬೋರ್ಡಿಗೆ ಹಿಡಿಯುವ ದೊಡ್ಡ ಕಟ್ಟಿಗೆ ಕೋನಮಾಪಕ ತಂದಿದ್ದೆ. ನಾನು ಕೈ ಎತ್ತುವುದು, ಮಗಳು ಅಳೆಯುವುದು. 2023ರ ಜನವರಿ 8ರಂದು 75 ಡಿಗ್ರಿ. ಪೂರ್ತಿ ಎತ್ತಿದರೆ 180 ಇರಬೇಕು. ಹೊರಗೆ ತಿರುಗುವುದು 10 ಡಿಗ್ರಿ. ಫೆಬ್ರವರಿಯಲ್ಲಿ ಒಂದು ಭಾನುವಾರ 95 ಬಂತು, ಕುಣಿದಾಡಿದೆ. ಮಗಳು ಕೋನಮಾಪಕ ಇಳಿಸಿ, "ಮಮ್ಮಿ, ನೀ ಹಿಂದ ವಾಲ್ಲಕತ್ತಿ. ಮತ್ತ ಭುಜ ನೋಡು, ಕಿವಿಗಿ ಹತ್ತ್ಯಾದ" ಅಂದಳು.

ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ ಮತ್ತೆ ಅಳೆದಳು. 78.

ಆ ಹದಿನೇಳು ಡಿಗ್ರಿಯ ಸುಳ್ಳು ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಆಯಿತು. ನಾನು ಬೇಕಂತ ಮಾಡಿದ್ದಲ್ಲ. ಭುಜದ ಕೀಲು ಏಳದಿದ್ದಾಗ ಮೈ ಸುಮ್ಮನಿರುವುದಿಲ್ಲ, ಹೆಗಲ ಹಲಗೆಯನ್ನು ಎತ್ತುತ್ತದೆ, ಬೆನ್ನು ವಾಲಿಸುತ್ತದೆ, ಹೇಗಾದರೂ ಕೈ ಮೇಲೆ ಹೋದ ಹಾಗೆ ತೋರಿಸುತ್ತದೆ. ಒಳಗಿನಿಂದ ನನಗೆ ಕೈ ಎತ್ತಿದ ಹಾಗೇ ಅನ್ನಿಸುತ್ತಿತ್ತು. ಮೈ ಹೇಳಿದ್ದನ್ನು ಕೇಳಿಸಿಕೊಳ್ಳಿ ಅಂತ ಊರಿಗೆಲ್ಲ ಹೇಳಿದ್ದೆನಲ್ಲ, ಮೈಯೂ ಸುಳ್ಳು ಹೇಳುತ್ತದೆ ಅಂತ ಯಾರಿಗೂ ಹೇಳಿರಲಿಲ್ಲ. ಅವತ್ತಿನಿಂದ ನಿಂತು ಮಾಡುವುದನ್ನು ಕಡಿಮೆ ಮಾಡಿ, ನಡುಮನೆಯ ಶಹಾಬಾದ್ ಫರ್ಸಿ ಮೇಲೆ ಮಲಗಿ ಮಾಡಲು ಶುರು ಮಾಡಿದೆ. ಕಲ್ಲಿನ ಮೇಲೆ ಬೆನ್ನಿಗೆ ವಾಲಲು ಜಾಗ ಇಲ್ಲ. ಹೆಗಲ ಹಲಗೆ ಜಾರಿದರೆ ತಣ್ಣಗೆ ತಾಗಿ ಗೊತ್ತಾಗುತ್ತದೆ. ಏಪ್ರಿಲ್ ಮೇನಲ್ಲಿ ಅದು ಹೇಗೂ ಬೇಕೇ ಬೇಕಾಯಿತು. ನಮ್ಮಲ್ಲಿ 43 ಡಿಗ್ರಿ ಬಿಸಿಲು ಕುಡಿದ ಮಾಳಿಗೆ ಬೆಳಗಿನ ಐದಕ್ಕೂ ಕಾಲು ಸುಡುತ್ತಿರುತ್ತದೆ.

ಈ ಹೆಗಲು ಕಿವಿಗೆ ಹತ್ತುವ ಚಾಳಿ ಕಾಯಿಲೆಯಿಂದ ಬಂದದ್ದೋ, ಮೊದಲೇ ಇತ್ತೋ? ಉತ್ತರ ಅತ್ತೆ ಕೊಟ್ಟರು.

ನನ್ನ ಕೈ ಹೋದ ಮೇಲೆ ರೊಟ್ಟಿ ಬಡಿಯುವ ಕೆಲಸ ಎಪ್ಪತ್ತಾರರ ಅತ್ತೆಯ ಮೇಲೆ ಬಿದ್ದಿತ್ತು. ಜೂನ್ ಹೊತ್ತಿಗೆ ಕೈ ಸ್ವಲ್ಪ ಬಂದಿತ್ತು, ನಾನು ಬಡಿಯುತ್ತೇನೆ ಅಂತ ಕೂತೆ. ಎಸರು ಹಾಕಿ ಹಿಟ್ಟು ನಾದಿ, ಉಂಡೆ ಮಾಡಿ ಪರಾತದಲ್ಲಿ ಬಡಿಯಲು ಶುರು ಮಾಡಿದೆ. ಎರಡನೇ ರೊಟ್ಟಿಗೇ ಭುಜ ಉರಿಯಿತು. ಅತ್ತೆ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಅಂದರು:

"ನೀ ಈ ಮನಿಗಿ ಬಂದಾಗಿಂದ್ಲೂ ಹಂಗೇ. ರೊಟ್ಟಿ ಕೈಲೆ ಬಡೀಬೇಕವ್ವ, ಹೆಗಲಿಲೆ ಬಡೀತಾರೇನು? ಮತ್ತ ಹಲ್ಲ್ಯಾಕ ಕಡೀತಿ, ರೊಟ್ಟಿಗಿ ಸಿಟ್ಟೇನು ನಿನಗ?"

ಇಪ್ಪತ್ತೈದು ವರ್ಷ ನೋಡಿದ್ದಾರೆ, ಹೇಳಿಲ್ಲ! ಕೇಳಿದರೆ, "ನೀ ಕೇಳಿದ್ದೇನು?" ಅಂದರು.

ಅವರನ್ನು ಕೂರಿಸಿ ನೋಡಿದೆ. ಮಣೆ ಮೇಲೆ ಕೂತಿದ್ದಾರೆ. ಹೆಗಲು ಅಲುಗುವುದೇ ಇಲ್ಲ. ಮೊಣಕೈ ಸಡಿಲವಾಗಿ ಜೋತಿದೆ. ಅಂಗೈ ತನ್ನ ಭಾರಕ್ಕೆ ತಾನೇ ಬೀಳುತ್ತದೆ, ಬೀಳುವಾಗ ಹಿಟ್ಟನ್ನು ಒಂದು ಕೂದಲೆಳೆಯಷ್ಟು ತಿರುಗಿಸುತ್ತದೆ. ಬಡಿ, ತಿರುಗು, ಬಡಿ, ತಿರುಗು. ಬಾಯಲ್ಲಿ ಪಕ್ಕದ ಮನೆಯ ಮದುವೆ ಸುದ್ದಿ ನಡೆದೇ ಇದೆ, ಅಂದರೆ ಉಸಿರೂ ಕಟ್ಟಿಲ್ಲ. ಆಮೇಲೆ ನಾನು ಬಡಿದೆ, ಈ ಸಲ ನನ್ನನ್ನೇ ನೋಡಿಕೊಳ್ಳುತ್ತ. ಒಂದು ಇಡೀ ರೊಟ್ಟಿ ಮುಗಿಯುವವರೆಗೆ ಉಸಿರು ಹಿಡಿದಿರುತ್ತೇನೆ. ಉಸಿರು ಕಟ್ಟಿದ, ಹಲ್ಲು ಕಚ್ಚಿದ ಈ ಮುಖವನ್ನು ಮೊದಲು ಎಲ್ಲಿ ನೋಡಿದ್ದೆ? 2016ರ ಸ್ಟೇಜಿನ ಮೇಲೆ. ಫೋಟೋ ಈಗಲೂ ಸ್ಟಾಫ್ ರೂಮಿನಲ್ಲಿದೆ, ಜನ ಅದನ್ನು ನಗು ಅಂದುಕೊಂಡಿದ್ದಾರೆ.

ಒಮ್ಮೆ ಕಂಡ ಮೇಲೆ ಎಲ್ಲೆಡೆ ಕಾಣತೊಡಗಿತು. ಸ್ಕೂಟಿ ಹ್ಯಾಂಡಲ್ ಹಿಡಿದಾಗ ಭುಜ ಮೇಲೆ. ಬೋರ್ಡ್ ಮೇಲೆ ಬರೆಯುವಾಗ ಮೇಲೆ. ಉತ್ತರ ಪತ್ರಿಕೆ ತಿದ್ದುವಾಗ ಮೇಲೆ, ಅದರಲ್ಲೂ ಸೊನ್ನೆ ಹಾಕುವಾಗ ಇನ್ನೂ ಮೇಲೆ. ನೋಟ್‌ಬುಕ್ ತಿರುವಿ ನೋಡಿದರೆ ರಾತ್ರಿ ನೋವು ಜಾಸ್ತಿ ಅಂತ ಬರೆದ ದಿನಗಳು ಆಸನ ಜಾಸ್ತಿ ಮಾಡಿದ ದಿನಗಳಿಗಿಂತ ಯಾರ ಜೊತೆಗೋ ತಗಾದೆ ಆದ ದಿನಗಳಿಗೆ ಹೊಂದುತ್ತಿದ್ದವು. ಇದು ಸಂಶೋಧನೆಯಲ್ಲ, ಒಂದು ಭುಜದ ಲೆಕ್ಕ, ಅಷ್ಟೇ ನಂಬಿ.

ಅಲ್ಲಿಂದ ಆಸನಕ್ಕಿಂತ ರೊಟ್ಟಿಯೇ ನನ್ನ ಅಭ್ಯಾಸ ಆಯಿತು. ಬಡಿಯುವಾಗ ಉಸಿರು ಬಿಡುವುದು. ಉಸಿರು ಕಟ್ಟಿತೋ, ಕೈ ನಿಲ್ಲಿಸಿ, ಭುಜ ಇಳಿಸಿ, ಮತ್ತೆ ಬಡಿಯುವುದು. ಕಾಕಾ ಹೇಳಿದ ನ್ಯೂಟ್ರಲ್. ಮೊದಲ ವಾರದ ರೊಟ್ಟಿಗಳು ಕಲ್ಯಾಣ ಕರ್ನಾಟಕದ ನಕ್ಷೆಯ ಹಾಗಿದ್ದವು. ಮನೆಯವರು ಪುಂಡಿಪಲ್ಯ ಹಚ್ಚಿಕೊಂಡು ಸುಮ್ನೆ ತಿಂದರು, ಏನೂ ಅನ್ನಲಿಲ್ಲ. ಅದು ಅವರ ಯೋಗ.

ಕೋನ ನಿಧಾನಕ್ಕೆ ಏರಿತು. ಏಪ್ರಿಲಿನಲ್ಲಿ 80, ಜುಲೈಯಲ್ಲಿ 105, ನವೆಂಬರಿನಲ್ಲಿ 130. ನಡುವೆ ಆರು ವಾರ ಒಂದು ಡಿಗ್ರಿಯೂ ಏರಲಿಲ್ಲ. ಆಗ ಒಂದು ದಿನ ಸಿಟ್ಟು ಬಂದು ಟಾವೆಲ್ ಹಿಡಿದು, ಬೆನ್ನ ಹಿಂದೆ ಎರಡೂ ಕೈ ಕೂಡಿಸುವ ಗೋಮುಖಾಸನಕ್ಕೆ ಕೈ ಜಗ್ಗಿದೆ. ಮೂರು ದಿನ ರಾತ್ರಿ ನಿದ್ದೆ ಹೋಯಿತು, ನೋಟ್‌ಬುಕ್ಕಿನಲ್ಲಿ "ಮತ್ತೆ ಸ್ಟೇಜ್" ಅಂತ ಬರೆದಿದ್ದೇನೆ. ಎಲ್ಲ ಕಲಿತುಬಿಟ್ಟೆ ಅಂತ ಯಾರೂ ತಿಳಿಯುವುದು ಬೇಡ. 2024ರ ಮಾರ್ಚಿನಲ್ಲಿ 150 ಆಯಿತು. ಬೋರ್ಡಿನ ಮೇಲಿನ ಅಂಚಿಗೆ ಚಾಕ್‌ಪೀಸ್ ಮುಟ್ಟಿತು. ಆ ಹುಡುಗ ಆಗ ಹತ್ತನೇ ಕ್ಲಾಸು, ಅದೇ ಹಿಂದಿನ ಬೆಂಚು. ಹೆಬ್ಬೆರಳು ಎತ್ತಿ ತೋರಿಸಿದ.

ಮಾಳಿಗೆ ಮೇಲಿನ ಕ್ಲಾಸಿನಲ್ಲಿ ಈಗ ನಾನು "ನೋವಾದ್ರೆ ಬಿಡ್ರಿ" ಅನ್ನುವುದಿಲ್ಲ. ನೋವಾಯ್ತು ಅಂದವರನ್ನು ಪ್ರಶ್ನೆ ಕೇಳಿ ಕಾಡುತ್ತೇನೆ. ಎಲ್ಲಿ, ಸ್ನಾಯುವಿನ ನಡುವೆಯೋ, ಎಲುಬಿನ ಹತ್ತಿರವೋ? ಎಳೆತವೋ, ಚುಚ್ಚುವುದೋ? ನಿನ್ನೆ ರಾತ್ರಿ ಇತ್ತೋ? ಉಸಿರು ನಡೆದಿದೆಯೋ? ಒಂದಿಬ್ಬರು ಇದರಿಂದ ಬೇಸತ್ತು ಬರುವುದನ್ನೇ ಬಿಟ್ಟರು. ಆಸನ ಕಲಿಸ್ರಿ ಅಂದ್ರ ಪೊಲೀಸ್ ಸ್ಟೇಷನ್ ಮಾಡ್ಯಾರ ಅಂದರಂತೆ. ಅವರ ತಪ್ಪೇನಿಲ್ಲ.

ನಡುಮನೆಯ ಗೋಡೆಯಲ್ಲಿ, ಮಗಳು ಚಿಕ್ಕವಳಿದ್ದಾಗ ಎತ್ತರ ಅಳೆದು ಹಾಕಿದ ಪೆನ್ಸಿಲ್ ಗೀಟುಗಳಿದ್ದವು. ಅದರ ಪಕ್ಕದಲ್ಲೇ ನನ್ನ ಬೆರಳು ಹತ್ತಿದ ಗೀಟುಗಳನ್ನು ಹಾಕುತ್ತ ಬಂದಿದ್ದೆ, ಪ್ರತಿಯೊಂದಕ್ಕೂ ತಾರೀಖು. 2024ರ ದೀಪಾವಳಿಗೆ ಮನೆಗೆ ಬಣ್ಣ ಹಚ್ಚಿಸಿದೆವು. ಆಗ 165ರ ಹತ್ತಿರ ಇದ್ದೆ. ಪೇಂಟರ್ ಹುಡುಗ ಗೋಡೆ ಉಜ್ಜುವ ಮೊದಲು ಕರೆದ.

"ಅಕ್ಕಾರ, ಈ ಗೀಟೆಲ್ಲ ಅಳಸ್ಲೇನ್ರಿ?"

ಮಗಳ ಗೀಟು ಬಿಡು, ನನ್ನವು ಅಳಿಸು ಅನ್ನಬೇಕೆಂದಿದ್ದೆ. ಆದರೆ ಅದಕ್ಕೆ ಎರಡು ವಾರದ ಹಿಂದೆ, ಒಂದು ರಾತ್ರಿ ಎಡಮಗ್ಗುಲಿಗೆ ಹೊರಳಿದಾಗ, ಎಡ ರಟ್ಟೆಯ ಮೇಲ್ಭಾಗದಲ್ಲಿ ಹಲ್ಲುನೋವಿನಂಥದ್ದು ಬಂದಿತ್ತು. ಸಕ್ಕರೆ ಇರುವವರಿಗೆ ಎರಡನೇ ಭುಜಕ್ಕೂ ಬರಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಬೆಳಿಗ್ಗೆ ಎದ್ದು ಫರ್ಸಿ ಮೇಲೆ ಮಲಗಿ ಎಡಗೈ ಅಳೆಸಿಕೊಂಡಿದ್ದೆ. 160. ಡಾಕ್ಟರ ಹತ್ತಿರವೂ ಹೋಗಿ ಬಂದಿದ್ದೆ.

ಆ ಪಟ್ಟಿಯಷ್ಟು ಗೋಡೆ ಬಿಟ್ಟು ಉಳಿದದ್ದಕ್ಕೆ ಹಚ್ಚು ಅಂದೆ. ಅವನು ಗೀಟುಗಳ ಸುತ್ತ ಟೇಪ್ ಅಂಟಿಸಿದ. ಟೇಪ್ ಒಳಗೆ ಬಲಗಡೆ ಸ್ವಲ್ಪ ಜಾಗ ಉಳಿದಿದೆ. ಎಡಗೈಯ ಗೀಟುಗಳು ಈಗ ಅಲ್ಲಿ ಬರುತ್ತಿವೆ.